ತುಪ್ಪ ಹಾಕಬೇಡಿ

ಹೋದ ಭಾನುವಾರ ಮಗಳು ಸಿಂಧು ನನ್ನನ್ನು ಯಾದವಗಿರಿಯ ಒಂದು ಕೆಫೆಗೆ ಕರೆದುಕೊಂಡು ಹೋಗಿದ್ದಳು. ಹಳೇ ಬಂಗಲೆಯ ಜಗುಲಿಯಲ್ಲೇ ನಾಲ್ಕು ಮೇಜು ಹಾಕಿದ್ದಾರೆ. ಗೇಟಿನ ಪಕ್ಕದ ಹಸಿರು ಬೋರ್ಡಿನಲ್ಲಿ 'ಇಲ್ಲಿ ಹಾಲು, ಮೊಸರು, ಬೆಣ್ಣೆ, ತುಪ್ಪ ಬಳಸುವುದಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಆರು ವರ್ಷದ ಹಿಂದೆ ಒಂದೇ ಒಂದು ಸಲ ಇಲ್ಲಿಗೆ ಬಂದಿದ್ದೆ. ಆಗ ಬೋರ್ಡು ಇಂಗ್ಲಿಷಿನಲ್ಲಿ ಮಾತ್ರ ಇತ್ತು, ಕೂತವರೆಲ್ಲ ಯೋಗ ಕಲಿಯಲು ಬಂದ ಪರದೇಶದವರು. ಈಗ ಪಕ್ಕದ ಮೇಜಿನಲ್ಲಿ ನನ್ನ ವಯಸ್ಸಿನ ಗಂಡ ಹೆಂಡತಿ ಬಾದಾಮಿ ಹಾಲಿನ ಕಾಫಿ ಕುಡಿಯುತ್ತಾ ಸೊಸೆಯ ವಿಚಾರ ಮಾತಾಡುತ್ತಿದ್ದರು. ಆಗಲೇ ಕಾಂಪೌಂಡಿನ ಆಚೆ ಮನೆಯಲ್ಲಿ ಯಾರೋ ಬೆಣ್ಣೆ ಕಾಸಲು ಇಟ್ಟರು. ವಾಸನೆ ಗಾಳಿಯಲ್ಲಿ ಬಂದದ್ದೇ ತಡ, ಸಿಂಧುವೂ ನಾನೂ ಒಟ್ಟಿಗೇ ತಲೆಯೆತ್ತಿದೆವು.

ನಮ್ಮದು ತುಪ್ಪದ ಮನೆ. ಯಜಮಾನರು ನಂಜನಗೂಡು ಕಡೆಯವರು. ಊರಿನ ಜಮೀನನ್ನು ಭಾವನವರಿಗೆ ಬಿಟ್ಟು, ಮದುವೆಯಾದ ಹೊಸದರಲ್ಲೇ ಮೈಸೂರಿಗೆ ಬಂದರು. ಶ್ರೀರಾಂಪುರ ಆಗಿನ್ನೂ ಅರ್ಧ ಹೊಲ, ಅರ್ಧ ಸೈಟು. ಮನೆಯ ಹಿತ್ತಲಲ್ಲಿ ಶೀಟು ಹೊದಿಸಿ ಎರಡು ದೊಡ್ಡ ಒಲೆ ಹಾಕಿದರು. ಹಳ್ಳಿಗಳಿಂದ ಬೆಣ್ಣೆ ತರುವುದು, ಕಾಸುವುದು, ಡಬ್ಬಕ್ಕೆ ತುಂಬಿ ಹೋಟೆಲುಗಳಿಗೆ ಕೊಡುವುದು. ಶಿವಣ್ಣ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ತುಪ್ಪದ ಶಿವಣ್ಣ ಎಂದರೆ ಊರಿನ ಅರ್ಧ ಅಡುಗೆ ಭಟ್ಟರಿಗೆ ಗೊತ್ತಿತ್ತು.

ನನ್ನ ಕೆಲಸ ನಾಲಿಗೆಯದು. ಕಾಸುವಾಗ ವೀಳ್ಯದೆಲೆ ಎಷ್ಟು, ಮೆಂತ್ಯ ಎಷ್ಟು ಕಾಳು, ಬೆಂಕಿ ಯಾವಾಗ ಆರಿಸಬೇಕು ಎಂಬುದನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಆದರೆ ನಾನು ರುಚಿ ನೋಡದೆ ಒಂದು ಡಬ್ಬಕ್ಕೂ ಮುಚ್ಚಳ ಬೀಳುತ್ತಿರಲಿಲ್ಲ. ಅಂಗೈ ಹಿಂಬದಿಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿದರೆ ಹಸುವಿನದೋ ಎಮ್ಮೆಯದೋ, ಬೆಣ್ಣೆ ಎಷ್ಟು ದಿನದ್ದು, ತಳ ಹಿಡಿದಿತ್ತೋ ಇಲ್ಲವೋ ಎಲ್ಲ ಹೇಳುತ್ತಿದ್ದೆ. ಜಂಬವಲ್ಲ, ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿದ್ದೇನೆ.

ಯಜಮಾನರಿಗೆ ಒಂದು ಚಾಳಿ ಇತ್ತು. ತಾವು ಕೊಟ್ಟದ್ದಲ್ಲದ ತುಪ್ಪವನ್ನು ಬಾಯಿಗೆ ಹಾಕುತ್ತಿರಲಿಲ್ಲ. ಮದುವೆಮನೆಯಾಗಲಿ ಹೋಟೆಲಾಗಲಿ, ಎಲೆಯ ಮುಂದೆ ಕೂತವರೇ ಕೈ ಅಡ್ಡ ಹಿಡಿದು 'ತುಪ್ಪ ಹಾಕಬೇಡಿ' ಎನ್ನುವರು. ಬಡಿಸುವವರಿಗೆ ನಗು. ತುಪ್ಪ ಮಾರುವವನೇ ತುಪ್ಪ ಬೇಡ ಅಂತಾನಲ್ಲ ಎಂದು. ಅವರ ಮಾತಿನ ಅರ್ಥ ಹಳೇ ಹೋಟೆಲಿನವರಿಗೆ ಗೊತ್ತಿತ್ತು. ನಿಮ್ಮ ಡಬ್ಬದ್ದೇ ಅಣ್ಣ ಎಂದು ತೋರಿಸಿದ ಮೇಲೆ ಕೈ ತೆಗೆಯುತ್ತಿದ್ದರು.

ಇಂಥವರ ಮಗಳು ಹಾಲು ಬಿಟ್ಟಳು. ಸಿಂಧು ಫಿಸಿಯೋಥೆರಪಿ ಓದಿ ಇಲ್ಲೇ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದಳು. ರಜೆಯ ಒಂದು ದಿನ ಅಪ್ಪನ ಜೊತೆ ಬೆಣ್ಣೆ ತರಲು ಹಳ್ಳಿಗೆ ಹೋದವಳು, ಕೊಟ್ಟಿಗೆಯ ಹಿಂದೆ ಬೇರೆಯಾಗಿ ಕಟ್ಟಿದ್ದ ಒಂದು ಗಂಡುಕರುವನ್ನು ನೋಡಿದಳಂತೆ. ಎದ್ದು ನಿಲ್ಲಲೂ ಆಗದಷ್ಟು ಸೊರಗಿತ್ತಂತೆ. ಗಂಡುಕರುವಿಗೆ ಹಾಲು ಯಾರು ಬಿಡ್ತಾರೆ ಎಂದು ಮನೆಯ ಹೆಂಗಸು ಹೇಳಿದಳಂತೆ. ಬಂದವಳು ರಾತ್ರಿ ಊಟಕ್ಕೆ ಮೊಸರು ಬೇಡ ಎಂದಳು. ಬೆಳಗ್ಗೆ ಕಾಫಿ ಬೇಡ ಎಂದಳು. ಯಜಮಾನರು ಒಂದು ವಾರ ಛೇಡಿಸಿದರು, ಮಗಳಿಗೆ ಸನ್ಯಾಸ ಬಂತು ಎಂದು. ಇದು ಒಂದು ವಾರದ್ದಲ್ಲ ಎಂದು ಗೊತ್ತಾದ ಮೇಲೆ ಊಟದ ಹೊತ್ತಿನಲ್ಲಿ ಮಾತು ಬಿಟ್ಟರು. ತುಪ್ಪ ಮಾರಿ ಓದಿಸಿದ್ದು, ಈಗ ತುಪ್ಪವೇ ಪಾಪದ್ದಾಯಿತೇ ಎಂದು ನನ್ನ ಹತ್ತಿರ ಕೇಳಿದರು. ಅವಳನ್ನು ಕೇಳಲಿಲ್ಲ. ಅವಳೂ ಅಪ್ಪನಿಗೆ ಏನೂ ಹೇಳಲಿಲ್ಲ. ಒಂದೂವರೆ ವರ್ಷ ನಾನು ಎರಡು ಪಾತ್ರೆಯಲ್ಲಿ ಅಡುಗೆ ಮಾಡಿದೆ.

ಆರು ವರ್ಷದ ಹಿಂದೆ, ಯುಗಾದಿ ಕಳೆದ ಮೂರನೇ ವಾರ ಅವರು ಒಲೆಯ ಪಕ್ಕದಲ್ಲೇ ಕುಸಿದರು. ಬೆಣ್ಣೆ ಆಗಷ್ಟೇ ನೊರೆ ಬಿಡುತ್ತಿತ್ತು. ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ಬೆಂಕಿ ಆರಿಸುವುದು ಯಾರಿಗೂ ನೆನಪಾಗಲಿಲ್ಲ, ವಾಪಸು ಬಂದಾಗ ಕೊಪ್ಪರಿಗೆ ತಳದಲ್ಲಿ ಕರಿ ಕಟ್ಟಿತ್ತು. ಅದನ್ನು ನೋಡಿ ನಾನು ಅಂದುಕೊಂಡದ್ದು ಇಷ್ಟೇ: ಇದನ್ನು ಉಜ್ಜಲು ಎರಡು ದಿನ ಬೇಕು.

ಮಣ್ಣು ಮಾಡಿದ್ದು ಊರಿನ ಜಮೀನಿನಲ್ಲಿ. ಮೂರನೇ ದಿನ ಹಾಲು ತುಪ್ಪ. ನಮ್ಮಲ್ಲಿ ಮನೆಯವರೆಲ್ಲ ಗುಡ್ಡೆಯ ಸುತ್ತ ನಿಂತು ಒಬ್ಬೊಬ್ಬರಾಗಿ ಅದರ ಮೇಲೆ ಹಾಲು ತುಪ್ಪ ಬಿಡಬೇಕು. ಭಾವನವರು ಬಿಟ್ಟರು, ನಾನು ಬಿಟ್ಟೆ. ಸಿಂಧುವಿನ ಸರದಿ ಬಂದಾಗ ಅವಳು ಲೋಟ ಮುಟ್ಟಲಿಲ್ಲ. ಜೊತೆಯಲ್ಲಿ ತಂದಿದ್ದ ಎಳನೀರನ್ನು ನಿಧಾನವಾಗಿ ಸುರಿದು ಕೈ ಮುಗಿದಳು. ಭಾವನವರು ನನ್ನ ಕಡೆ ತಿರುಗಿ, "ತುಪ್ಪ ಮಾರಿ ಸಾಕ್ದೋನಿಗೆ ಒಂದ್ ತೊಟ್ಟು ತುಪ್ಪ ಬುಡಕ್ಕಾಗಕಿಲ್ವಾ ಮಗೀಗೆ?" ಎಂದರು. ಸಿಂಧು ನನ್ನನ್ನೇ ನೋಡುತ್ತಿದ್ದಳು. ನಾನು ಅವಳ ಪರವಾಗಿ ಮಾತಾಡಲಿಲ್ಲ, ಬೈಯಲೂ ಇಲ್ಲ. ಗುಡ್ಡೆಯ ಮೇಲೆ ತುಪ್ಪ ಹೆಪ್ಪುಗಟ್ಟದೆ ಮಣ್ಣಿನೊಳಗೆ ಇಳಿಯುವುದನ್ನು ನೋಡುತ್ತಾ ನಿಂತಿದ್ದೆ. ಒಳ್ಳೇ ಬಿಸಿಲು ಅಂದು.

ನಾನು ಅತ್ತಿರಲಿಲ್ಲ. ಹನ್ನೊಂದನೇ ದಿನವೂ ಅಳಲಿಲ್ಲ. ನನ್ನ ಬಗ್ಗೆ, ಅಮ್ಮಣ್ಣಿ ಗಟ್ಟಿಗಿತ್ತಿ ಎಂದು ಕೆಲವರು, ಕಲ್ಲು ಎಂದು ಕೆಲವರು. ಎರಡೂ ಅಲ್ಲ. ಏನೂ ಆಗುತ್ತಿರಲಿಲ್ಲ, ಅಷ್ಟೇ. ಊರಿಂದ ಬಂದಿದ್ದ ಓರಗಿತ್ತಿ ಒಂದು ದಿನ ನಾನು ಮಾಡಿದ ಸಾರನ್ನು ಬಾಯಿಗಿಟ್ಟು ಹಾಗೇ ಉಗಿದಳು. ಎರಡು ಸಲ ಉಪ್ಪು ಹಾಕಿದ್ದೆನಂತೆ. ಅದೇ ಸಾರನ್ನು ನಾನು ಒಂದು ಬಟ್ಟಲು ಉಂಡು ಮುಗಿಸಿದ್ದೆ. ಅವಳು ಹೋದ ಮೇಲೆ ಅಡುಗೆಮನೆಗೆ ಹೋಗಿ ಉಪ್ಪಿನ ಹರಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡೆ. ಕಲ್ಲಿನ ಹರಳು ಇಟ್ಟ ಹಾಗಿತ್ತು. ಸಕ್ಕರೆಯೂ ಹಾಗೇ, ಹುಣಸೆಯೂ ಹಾಗೇ. ಡಾಕ್ಟರು ಗಂಟಲಿಗೆ ಟಾರ್ಚು ಬಿಟ್ಟು, ಏನೂ ತೊಂದರೆ ಇಲ್ಲ, ಮನಸ್ಸಿಗೆ ಪೆಟ್ಟು ಬಿದ್ದಾಗ ಕೆಲವರಿಗೆ ಹೀಗಾಗುತ್ತದೆ, ತಾನಾಗಿ ಬರುತ್ತದೆ ಎಂದರು. ಸಿಂಧುವಿಗೆ ಹೇಳಲಿಲ್ಲ. ಅವಳ ಅಪ್ಪ ಹೋಗಿದ್ದರು, ಅಮ್ಮನ ನಾಲಿಗೆಯೂ ಹೋಯಿತು ಎಂದು ಯಾವ ಬಾಯಲ್ಲಿ ಹೇಳಲಿ?

ಜೂನಿನಲ್ಲಿ ಮಳೆ ಶುರುವಾಗುವಷ್ಟರಲ್ಲಿ ನಾನು ಎರಡು ಪಾತ್ರೆ ಸುಟ್ಟಿದ್ದೆ. ಅಕ್ಕಿ ಇಟ್ಟು ಹಿತ್ತಲಿಗೆ ಹೋಗಿ ಆರಿದ ಒಲೆಯ ಮುಂದೆ ಕೂತರೆ ಎದ್ದು ಬರುವುದು ಮರೆತುಹೋಗುತ್ತಿತ್ತು. ಮೂರನೇ ಪಾತ್ರೆಯ ದಿನ ಸಿಂಧು ಗ್ಯಾಸ್ ಆರಿಸಿ, ಇನ್ನು ಸ್ವಲ್ಪ ದಿನ ಸಂಜೆ ಹೊರಗಡೆ ತಿನ್ನೋಣ ಎಂದಳು. ಡ್ಯೂಟಿ ಮುಗಿಸಿ ಆರೂವರೆಗೆ ಬರುವಳು. ನಾನು ರೈನ್‌ಕೋಟು ಹಾಕಿಕೊಂಡು ಸ್ಕೂಟರಿನ ಹಿಂದೆ ಕೂರುವೆ. ಆ ಮಳೆಗಾಲ ಪೂರ್ತಿ ಹೀಗೇ ಹೋಯಿತು.

ಮೈಸೂರಿನಲ್ಲಿ ಹಾಲು ತುಪ್ಪ ಇಲ್ಲದ ಊಟ ಹುಡುಕುವುದು ಎಂಥ ಕಷ್ಟವೆಂದು ಆಗ ಗೊತ್ತಾಯಿತು. ತಿಂಡಿಗಳೇನೋ ಹುಟ್ಟಿನಿಂದ ನಿರ್ದೋಷಿಗಳು. ಇಡ್ಲಿಯಲ್ಲಿ ಹಾಲಿಲ್ಲ, ಅಕ್ಕಿರೊಟ್ಟಿಯಲ್ಲಿ ಇಲ್ಲ, ಚಿತ್ರಾನ್ನದಲ್ಲಿ ಇಲ್ಲ. ಕೆಡುವುದೆಲ್ಲ ಅಡುಗೆಮನೆಯ ಬಾಗಿಲು ದಾಟುವ ಮುಂಚಿನ ಕೊನೇ ಕ್ಷಣದಲ್ಲಿ. ಭಟ್ಟರಿಗೆ ತಟ್ಟೆಯನ್ನು ಹಾಗೇ ಕಳಿಸಲು ಕೈ ಬರುವುದಿಲ್ಲ, ಮೇಲೊಂದು ಚಮಚ ಬಿಟ್ಟೇ ಬಿಡುತ್ತಾರೆ. ಸಿದ್ಧಾರ್ಥನಗರದ ಒಂದು ದರ್ಶಿನಿಯಲ್ಲಿ ಸಿಂಧು, ಇದಕ್ಕೆ ತುಪ್ಪ ಹಾಕ್ತೀರಾ ಎಂದು ಕೇಳಿದರೆ, ಧಾರಾಳವಾಗಿ ಹಾಕ್ತೀವಿ ಮೇಡಂ ಎಂದು ಸಪ್ಲೈಯರ್ ಭರವಸೆ ಕೊಟ್ಟ. ಬೇಡ ಎಂದರೆ ಶುಗರಾ ಎಂದ. ಇನ್ನೊಂದು ಕಡೆ ಹರಕೆಯಾ ಎಂದು ಕೇಳಿದರು. ಉತ್ತರ ಭಾರತದ ಊಟದ ಹೋಟೆಲಿನಲ್ಲಿ, ಪನೀರು ಪ್ಯೂರ್ ವೆಜ್ಜೇ ಎಂದು ಮೂರು ಸಲ ಹೇಳಿ, ನಾಲ್ಕನೇ ಸಲ ಮ್ಯಾನೇಜರನ್ನೇ ಕರೆತಂದರು. ಚಟ್ನಿಗೆ ಮೊಸರು ಬೆರೆಸಿರುತ್ತಾರೆ, ಪಲ್ಯದ ಒಗ್ಗರಣೆ ಬೆಣ್ಣೆಯದಾಗಿರುತ್ತದೆ. ಕೇಳಿದರೆ ಇಲ್ಲ ಎನ್ನುತ್ತಾರೆ. ಸುಳ್ಳು ಹೇಳಬೇಕೆಂದಲ್ಲ, ಒಂದು ಚೂರನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹಾಗಾಗಿ ನನ್ನ ಹಳೇ ಕೆಲಸ ಮತ್ತೆ ಶುರುವಾಯಿತು. ತಟ್ಟೆ ಬಂದ ಕೂಡಲೇ ಸಿಂಧು ಅದನ್ನು ನನ್ನ ಕಡೆ ಜರುಗಿಸಿ, "ಇದೆಯಾ ಅಮ್ಮ?" ಎನ್ನುವಳು. ಮೊದಲ ದಿನ ನಾನು ಒಂದು ತುತ್ತು ಬಾಯಿಗಿಟ್ಟೆ. ಬಿಸಿ ಗೊತ್ತಾಯಿತು, ಮೆತ್ತಗಿದೆ ಎಂದು ಗೊತ್ತಾಯಿತು. ಅಷ್ಟೇ. ಅವಳು ಕಾಯುತ್ತಿದ್ದಳು. "ಇಲ್ಲ" ಎಂದೆ. ಅವಳು ತಿನ್ನತೊಡಗಿದಳು.

ಅಂದಿನಿಂದ ದಿನಾ ಇಲ್ಲ ಎನ್ನುತ್ತಲೇ ಬಂದೆ. ಅಪ್ಪನ ಗುಡ್ಡೆಯ ಮುಂದೆ, ಅಷ್ಟು ಜನರ ಎದುರಿಗೆ ಬಿಡದೇ ಇದ್ದ ಹಟವನ್ನು ನಾನು ಹೋಟೆಲು ಹೋಟೆಲಿನಲ್ಲಿ ಒಂದು ಮಾತಿನಿಂದ ಮುರಿಯುತ್ತಿದ್ದೆ. ಅವಳು ನನ್ನ ನಾಲಿಗೆಯನ್ನು ನಂಬಿ ಉಣ್ಣುತ್ತಿದ್ದಳು, ನನ್ನ ಬಾಯಲ್ಲಿ ನಾಲಿಗೆಯೇ ಇರಲಿಲ್ಲ. ತಪ್ಪು ಮಾಡುತ್ತಿದ್ದೇನೆ ಎಂದು ಗೊತ್ತಿತ್ತು. ಗೊತ್ತಿತ್ತು ಅಷ್ಟೇ, ಅನ್ನಿಸುತ್ತಿರಲಿಲ್ಲ.

ನನಗೆಂದು ನಾನು ಏನೂ ತರಿಸುತ್ತಿರಲಿಲ್ಲ. ಒಂದು ಕಾಫಿ ಹೇಳಿ, ಅದರ ಮೇಲೆ ಕೆನೆ ಕಟ್ಟುವವರೆಗೆ ನೋಡುತ್ತಾ ಕೂರುತ್ತಿದ್ದೆ. ಸಿಂಧು ಮಾತ್ರ ಎರಡು ಮೂರು ಥರ ತರಿಸುವಳು. ಒಂದೇ ಚೂರಲ್ಲಿ ಹೇಗೆ ಗೊತ್ತಾಗತ್ತೆ, ಇನ್ನೊಂದು ತುತ್ತು ನೋಡು, ಪಲ್ಯ ಬೇರೆ ನೋಡು ಎನ್ನುವಳು. ಕೆಲವು ದಿನ ನಾನು ಇಲ್ಲ ಎಂದ ಮೇಲೂ ತಟ್ಟೆಯನ್ನು ಕೆದಕಿ, ಮಧ್ಯಾಹ್ನ ಜಾಸ್ತಿ ತಿಂದ್ಬುಟ್ಟೆ, ನೀನೇ ಮುಗಿಸು, ದಂಡ ಆಗತ್ತೆ ಎಂದು ನನ್ನ ಮುಂದೆಯೇ ಬಿಡುವಳು. ಅನ್ನ ಚೆಲ್ಲುವುದು ನನ್ನ ಜಾಯಮಾನದಲ್ಲಿಲ್ಲ. ಮುಗಿಸುತ್ತಿದ್ದೆ. ಅಂಥ ದಿನ ವಾಪಸು ಬರುವಾಗ ಅಗ್ರಹಾರದ ಹಣ್ಣಿನ ಗಾಡಿಯ ಹತ್ತಿರ ಸ್ಕೂಟರು ನಿಲ್ಲಿಸಿ ರಸಬಾಳೆ ಕೊಳ್ಳುತ್ತಿದ್ದಳು. ಅಲ್ಲೇ ನಿಂತು ಮೂರು ನಾಲ್ಕು ತಿನ್ನುವಳು. ಊಟ ಸೇರದವಳಿಗೆ ಹಣ್ಣು ಹೇಗೆ ಸೇರುತ್ತದೋ ಎಂದುಕೊಳ್ಳುತ್ತಿದ್ದೆ. ಅದಕ್ಕಿಂತ ಹೆಚ್ಚು ಯೋಚಿಸುವ ಶಕ್ತಿ ನನಗಿರಲಿಲ್ಲ.

ಆಗಸ್ಟಿನಲ್ಲಿ ಯಾರೋ ಈ ಯಾದವಗಿರಿಯ ಕೆಫೆಯ ವಿಷಯ ಹೇಳಿದರು. ಇಲ್ಲಿ ಎಲ್ಲವೂ ವೀಗನ್, ಹುಡುಕಿದರೂ ಒಂದು ಹನಿ ಹಾಲು ಸಿಗುವುದಿಲ್ಲ. ಇನ್ನು ನನ್ನ ಸುಳ್ಳಿಗೆ ರಜ ಎಂದುಕೊಂಡು ಬಂದೆ. ತಟ್ಟೆ ಬಂತು. ಸಿಂಧು ಜರುಗಿಸಲು ಕೈ ಇಟ್ಟವಳು ಬೋರ್ಡು ನೋಡಿ ಕೈ ತೆಗೆದಳು. ಕೇಳುವುದಕ್ಕೇನೂ ಇರಲಿಲ್ಲ. ಅವಳು ಉಂಡಳು, ನಾನು ಪರದೇಶದವರ ಚಪ್ಪಲಿಗಳನ್ನು ನೋಡುತ್ತಾ ಕೂತೆ. ಬೇಕಾದದ್ದೆಲ್ಲ ಸಿಗುವ ಜಾಗ ಸಿಕ್ಕಿತಲ್ಲ, ದಿನಾ ಇಲ್ಲಿಗೇ ಬರೋಣ ಎಂದರೆ, ದೂರ ಆಗತ್ತೆ ಎಂದಳು. ಶ್ರೀರಾಂಪುರದಿಂದ ಸಿದ್ಧಾರ್ಥನಗರವೇನು ಹತ್ತಿರವೇ? ಮತ್ತೆ ಆ ಕಡೆ ಬರಲೇ ಇಲ್ಲ. ಮಾರನೇ ದಿನದಿಂದ ಮತ್ತದೇ ದರ್ಶಿನಿ, ಅದೇ ಶುಗರಾ ಮೇಡಂ, ಅದೇ ಇದೆಯಾ ಅಮ್ಮ.

ದಸರಾ ಬಂತು, ಹೋಯಿತು. ರಸ್ತೆಯ ಮೇಲಿನ ದೀಪದ ಸರಗಳನ್ನು ಏಣಿ ಹಾಕಿ ಬಿಚ್ಚುತ್ತಿದ್ದ ವಾರ. ಒಂದು ಸಂಜೆ ದಾರಿಯಲ್ಲೇ ಜೋರು ಮಳೆ ಹಿಡಿಯಿತು. ಸ್ಕೂಟರು ಎರಡು ಸಲ ಕೆಮ್ಮಿ ನಿಂತುಹೋಯಿತು. ನಿಂತದ್ದು ವಿಶ್ವಣ್ಣನವರ ಹೋಟೆಲಿನ ಎದುರಿಗೆ. ಯಜಮಾನರು ಮೈಸೂರಿಗೆ ಬಂದಾಗ ಮೊಟ್ಟಮೊದಲು ಡಬ್ಬ ತೆಗೆದುಕೊಂಡವರು ವಿಶ್ವಣ್ಣ. ಯಜಮಾನರು ತುಪ್ಪ ಕೊಡುತ್ತಿದ್ದ ಹೋಟೆಲುಗಳಿಗೆ ನಾವಿಬ್ಬರೂ ಅಷ್ಟು ದಿನ ಬೇಕೆಂದೇ ಹೋಗಿರಲಿಲ್ಲ. ಅಂದು ಬೇರೆ ದಾರಿ ಇರಲಿಲ್ಲ.

ವಿಶ್ವಣ್ಣ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ಮೇಜನ್ನು ತಾವೇ ಒರೆಸಿದರು. ಏನು ಕೊಡಲಿ ಎಂದು ಸಿಂಧುವನ್ನು ಕೇಳಿದರು. ಖಾರ ಪೊಂಗಲ್ ಬಿಸಿ ಇದೆಯಂತೆ. ಸಿಂಧು, "ಪೊಂಗಲ್ ಕೊಡಿ. ತುಪ್ಪ ಹಾಕಬೇಡಿ" ಎಂದಳು. ವಿಶ್ವಣ್ಣ ಅವಳನ್ನು ಒಂದು ಗಳಿಗೆ ಹಾಗೇ ನೋಡಿದರು. ತಲೆಯಾಡಿಸಿ, ಸಪ್ಲೈಯರನ್ನು ಕರೆಯದೆ ತಾವೇ ಒಳಗೆ ಹೋದರು. ಬರಲು ಹೊತ್ತಾಯಿತು. ಎರಡು ತಟ್ಟೆ ತಂದಿಟ್ಟು, ಮತ್ತೆ ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ ಕೂತರು.

ಸಿಂಧು ತನ್ನ ತಟ್ಟೆಯನ್ನು ನನ್ನ ಕಡೆ ಜರುಗಿಸಿದಳು. ನಾನು ಎಂದಿನಂತೆ ಒಂದು ತುತ್ತು ಬಾಯಿಗಿಟ್ಟೆ.

ವೀಳ್ಯದೆಲೆ. ಮೊದಲು ಅದು ಬಂತು. ಆಮೇಲೆ ಮೆಂತ್ಯದ ಸಣ್ಣ ಕಹಿ. ಆಮೇಲೆ ಬೆಂಕಿಯನ್ನು ಇನ್ನೊಂದು ನಿಮಿಷ ಹೆಚ್ಚಿಗೆ ಬಿಟ್ಟು ಕೆಂಪಗೆ ಕಾಸಿದ, ಬೇರೆ ಯಾರೂ ಹಾಗೆ ಕಾಸದ, ನಾನು ಇಪ್ಪತ್ತೆಂಟು ವರ್ಷ ಸಾಕು ಆರಿಸಿ ಎಂದು ಬೈದ ನಮ್ಮ ಹಿತ್ತಲಿನ ತುಪ್ಪ. ಮೆಣಸಿನ ಖಾರ ಬಂತು, ಶುಂಠಿ ಬಂತು, ಉಪ್ಪು ಬಂತು. ಆರು ತಿಂಗಳಿಂದ ಎಲ್ಲಿ ಹೋಗಿದ್ದವೋ, ಎಲ್ಲ ಒಂದೇ ಸಲ ಬಂದವು. ಕಣ್ಣಿಂದ ನೀರು ಇಳಿಯುತ್ತಿದೆ ಎಂದು ಗೊತ್ತಾದದ್ದು ಅದು ತಟ್ಟೆಯೊಳಗೆ ಬಿದ್ದಾಗ.

"ಇದೆಯಾ ಅಮ್ಮ?" ಎಂದಳು ಸಿಂಧು. ದನಿ ಬಹಳ ಸಣ್ಣದಾಗಿತ್ತು.

"ಇದೆ" ಎಂದೆ. "ನಿಮ್ಮಪ್ಪಂದು."

ವಿಶ್ವಣ್ಣ ನಾನು ಅಳುವುದನ್ನು ನೋಡಿ ಹತ್ತಿರ ಬಂದರು. "ಯಜಮಾನ್ರುದ್ದೇ ಕಣಮ್ಮ ಹಾಕಿರೋದು. ಕೊನೇ ಡಬ್ಬ ಎತ್ತಿಟ್ಟಿದ್ದೆ. ತುಪ್ಪ ಹಾಕಬೇಡಿ ಅಂತ ಮಗು ಅಂದ್ರೆ ಅವರೇ ಬಂದು ಕೂತಂಗಾಯ್ತು. ಬೇರೇದು ನಿಮ್ಮನೇವ್ರು ತಿನ್ನಲ್ಲ ಅಂತ ನಂಗೊತ್ತಿಲ್ವಾ?" ಎಂದರು. ಸಿಂಧು ತಲೆ ಬಗ್ಗಿಸಿಕೊಂಡಳು. ಅಪ್ಪನ ಮಾತಿಗೂ ತನ್ನ ಮಾತಿಗೂ ಇದ್ದ ಅಂತರವನ್ನು ಅವಳು ಅವರಿಗೆ ವಿವರಿಸಲಿಲ್ಲ. ಒಳ್ಳೇದು ಮಾಡಿದ್ರಿ ಅಣ್ಣ ಎಂದು ನಾನೇ ಹೇಳಿ ಕಳಿಸಿದೆ.

ಇನ್ನು ಮುಚ್ಚಿಡಲು ನನ್ನಿಂದ ಆಗಲಿಲ್ಲ. "ಇಷ್ಟು ದಿನ ಇಲ್ಲ ಅಂದಿದ್ದೆಲ್ಲ ಸುಳ್ಳು ಕಣೇ. ನಂಗೆ ಯಾವ ರುಚಿನೂ ಗೊತ್ತಾಗ್ತಿರ್ಲಿಲ್ಲ. ನಿನ್ನ ಬಾಯಿಗೆ ಏನೇನು ಹಾಕಿಸಿದ್ನೋ" ಎಂದೆ.

"ಗೊತ್ತು ಕಣಮ್ಮ" ಎಂದಳು. "ತುಪ್ಪ ಕಾಸೋರ ಮನೇಲಿ ಹುಟ್ಟಿದೋಳು ನಾನು. ತಟ್ಟೆ ಮೇಜಿಗೆ ಬರೋಕೆ ಮುಂಚೆನೇ ಗೊತ್ತಾಗತ್ತೆ. ಇದ್ದಿದ್ದನ್ನೆಲ್ಲ ನಿಂಗೇ ಬಿಡ್ತಿದ್ದೆ."

"ಮತ್ತೆ ದಿನಾ ಯಾಕೆ ಕೇಳ್ತಿದ್ದೆ?"

"ಕೇಳದೇ ಇದ್ದಿದ್ರೆ ನೀನು ಬಾಯಿಗೆ ಏನಾದ್ರೂ ಹಾಕ್ತಿದ್ದಾ?"

ನನಗೆ ರಸಬಾಳೆ ನೆನಪಾಯಿತು. ಗಾಡಿಯ ಮುಂದೆ ನಿಂತು ಒಂದರ ಹಿಂದೊಂದು ಸುಲಿದು ತಿನ್ನುತ್ತಿದ್ದವಳು. ಇಡೀ ದಿನ ಬೇರೆಯವರ ಕೈಕಾಲು ನೀವಿ ಬಂದವಳು. ಯಾದವಗಿರಿ ಯಾಕೆ ದೂರವಾಯಿತು ಎಂಬುದೂ ಆಗ ಹೊಳೆಯಿತು. ಹಾಲು ತುಪ್ಪದ ದಿನ ಅವಳು ನನ್ನನ್ನೇ ನೋಡುತ್ತಿದ್ದಳಲ್ಲ, ಆಗ ನಾನು ಒಂದು ಮಾತಾಡಬೇಕಿತ್ತು ಎಂದೆ. ಬಿಡಮ್ಮ ಎಂದಳು. ಆಮೇಲೆ ಆ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಒಂದು ಸಲ ಮೂಸಿದಳು. ಬಹಳ ಹೊತ್ತು ಹಾಗೇ ಇದ್ದಳು. ಕೆಳಗಿಟ್ಟು ನನ್ನ ಮುಂದೆ ಜರುಗಿಸಿದಳು. ಎರಡು ತಟ್ಟೆಯನ್ನೂ ನಾನೇ ಉಂಡೆ, ಅಳುತ್ತಲೇ ಉಂಡೆ. ಅವಳು ಎರಡು ಖಾಲಿ ಇಡ್ಲಿ ತರಿಸಿಕೊಂಡಳು. ಮಳೆ ನಿಂತ ಮೇಲೆ ಸ್ಕೂಟರನ್ನು ತಳ್ಳಿಕೊಂಡು ಮನೆಗೆ ಬಂದೆವು. ಮಾರನೇ ಬೆಳಗ್ಗೆ ನಾನು ಒಲೆ ಹಚ್ಚಿ ಒಂದೇ ಪಾತ್ರೆಯಲ್ಲಿ ಅಡುಗೆ ಮಾಡಿದೆ. ಹಿತ್ತಲಿನ ಒಲೆಗಳನ್ನು ಮತ್ತೆ ಹಚ್ಚಲಿಲ್ಲ.

ಹೋದ ಭಾನುವಾರದ ಕೆಫೆಯಲ್ಲಿ ಅವಳು ಸೋಯಾ ಮೊಸರಿನಲ್ಲಿ ಕಲಸಿದ ಮೊಸರನ್ನ ತರಿಸಿದಳು. ಮೇಲೆ ದಾಳಿಂಬೆ, ಸಾಸಿವೆ ಒಗ್ಗರಣೆ. ನೋಡಲು ಥೇಟು ನಮ್ಮ ಮನೆಯ ಮೊಸರನ್ನದಂತೆಯೇ ಇತ್ತು. ಬೋರ್ಡು ಅವಳ ಬೆನ್ನ ಹಿಂದೆಯೇ ಇದೆ, ಸಪ್ಲೈಯರ್ ಬೇರೆ ಪೂರಾ ವೀಗನ್ ಆಂಟಿ ಎಂದು ಹೇಳಿ ಹೋಗಿದ್ದ. ಆದರೂ ಸಿಂಧು ತಟ್ಟೆಯನ್ನು ನನ್ನ ಕಡೆ ಜರುಗಿಸಿ, "ಇದೆಯಾ ಅಮ್ಮ?" ಎಂದಳು.

ನಾನು ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದೆ. ಇನ್ನೊಂದು ತುತ್ತೂ ತಿಂದೆ.

"ಇಲ್ಲ" ಎಂದೆ. "ಉಪ್ಪು ಮಾತ್ರ ಒಂಚೂರು ಮುಂದಾಗಿದೆ."